ಗೋಲಿನ ಮುಂದೆ ಯಾರು?

ಸ್ವೀಡನ್ನಿನ ಯೋನ್‌ಶೋಪಿಂಗ್. ವೆಟ್ಟರ್ನ್ ಸರೋವರದ ದಕ್ಷಿಣ ತುದಿಯ ಊರು. ಇಲ್ಲಿ ಚಳಿ ಬಂತೆಂದರೆ ಮಾತೆಲ್ಲ ಐಸ್ ಹಾಕಿಯದ್ದೇ, ತಂಡ ಎಚ್‌ವಿ71.

1971ರಲ್ಲಿ ಎರಡು ಕ್ಲಬ್‌ಗಳು ಕೂಡಿ ಹುಟ್ಟಿದ ತಂಡ ಇದು. ಐದು ಸಲ ಸ್ವೀಡನ್ ಚಾಂಪಿಯನ್: 1995, 2004, 2008, 2010, 2017. ಅಂಥ ತಂಡ 2021ರಲ್ಲಿ ಬ್ರೂನೆಸ್ ತಂಡದ ಎದುರು ಸೋತು ಕೆಳಗಿನ ಲೀಗಿಗೆ ಜಾರಿತು. 1985ರಿಂದ ಬಿಡದೆ ಉಳಿಸಿಕೊಂಡಿದ್ದ ಜಾಗ! ಆದರೆ ಒಂದೇ ವರ್ಷಕ್ಕೆ, 2022ರಲ್ಲಿ, ಮೇಲೆ ಬಂತು.

ಇಂಥ ತಂಡವನ್ನು ಮತ್ತೆ ಕಟ್ಟುವಾಗ ಬೇಸಿಗೆಯಲ್ಲಿ ಯಾರನ್ನು ಕರೆತರಬೇಕು? ಅಭಿಮಾನಿಗಳು ಗೋಲು ಹೊಡೆಯುವವರ ಹೆಸರು ಹೇಳುತ್ತಾರೆ. ನಾನು ಮೊದಲು ನೋಡುವುದು ಗೋಲ್‌ಕೀಪರ್‌ಗಳನ್ನು. ಒಬ್ಬ ಸಾಲದು. ಮೊದಲನೆಯವನ ತೊಡೆಸಂದಿನ ಸ್ನಾಯು ಸೆಳೆದರೆ, ಎರಡನೆಯವನು ಮಂಡಿಯೂರಿ, ಅಗಲವಾದ ಪ್ಯಾಡುಗಳನ್ನು ಐಸಿಗೆ ಒತ್ತಿ, ರಬ್ಬರಿನ ಪಕ್ ತಡೆಯಲು ಸಿದ್ಧನಿರಬೇಕು.

ತಡೆಯುವವರು ಗಟ್ಟಿಯಿದ್ದರೆ ಏನಾಗುತ್ತದೆ ಎಂದು ತಿಳಿಯಲು ಕ್ರಿಕೆಟ್‌ನಲ್ಲಿ ನಮ್ಮ ಆರ್‌ಸಿಬಿಯನ್ನೇ ನೆನೆಯಿರಿ. 2024ರ ಹರಾಜಿನಲ್ಲಿ ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಬಂದರು. ಬೌಲಿಂಗ್ ಗಟ್ಟಿಯಾಯಿತು, 2025ರಲ್ಲಿ ಕಪ್ ಬಂತು.

ಯೋನ್‌ಶೋಪಿಂಗ್‌ಗೆ ಒಳ್ಳೆಯ ಕೀಪರ್‌ನ ಬೆಲೆ ಚೆನ್ನಾಗಿ ಗೊತ್ತು. 2004, 2008, 2010ರ ಗೆಲುವುಗಳಲ್ಲಿ ಗೋಲಿನ ಮುಂದಿದ್ದವನು ಸ್ಟೆಫಾನ್ ಲಿವ್. ಪೋಲೆಂಡಿನಲ್ಲಿ ಹುಟ್ಟಿ, ಸ್ವೀಡನ್ನಿನ ಮನೆಯೊಂದಕ್ಕೆ ದತ್ತುಮಗನಾಗಿ ಬಂದ ಹುಡುಗ. 2011ರ ಸೆಪ್ಟೆಂಬರ್ 7ರಂದು ರಷ್ಯಾದ ಯಾರೊಸ್ಲಾವ್ಲ್‌ನಲ್ಲಿ ವಿಮಾನ ಬಿದ್ದಾಗ ತೀರಿಕೊಂಡ. ವಯಸ್ಸು ಬರೀ 30.

ಎಚ್‌ವಿ71ಕ್ಕೆ ಯಾವ ಕೀಪರ್ ಬಂದರೂ 1ನೇ ನಂಬರಿನ ಜೆರ್ಸಿ ಸಿಗುವುದಿಲ್ಲ. ಅದು ಲಿವ್‌ನದು.