ಮನೆಯ ನೊಣವೂ ಆಫ್ರಿಕದ ಸೆಟ್ಸೆ ನೊಣವೂ

ನೊಣವೆಂದೊಡನೆ ಶ್ರೋತೃಗಳ ಕಣ್ಣಿಗೆ ಕಟ್ಟುವುದು ಬೆಲ್ಲದ ಅಚ್ಚಿಗೆ ಮುತ್ತುವ ಮನೆಯ ನೊಣವಷ್ಟೆ. ಸಹಾರ ಮರುಭೂಮಿಗೆ ದಕ್ಷಿಣದಲ್ಲಿ ಅದರ ದೂರದ ದಾಯಾದಿಯೊಂದುಂಟು. ಅದರ ಹೆಸರು ಸೆಟ್ಸೆ. ಎರಡಕ್ಕೂ ಒಂದೊಂದೇ ಜೊತೆ ರೆಕ್ಕೆ, ಎರಡೂ ರೋಗವಾಹಕಗಳು. ಆದರೆ ಅವುಗಳ ಬಾಳಿನ ರೀತಿಯೇ ಬೇರೆ.

ಮೊದಲು ಆಹಾರವನ್ನು ನೋಡೋಣ. ಮನೆಯ ನೊಣಕ್ಕೆ ಕಚ್ಚಲು ಬಾರದು. ಅದು ಗಟ್ಟಿಯಾದ ತಿನಿಸಿನ ಮೇಲೆ ಜೊಲ್ಲನ್ನು ಸುರಿಸಿ, ಕರಗಿಸಿ, ಮೆತ್ತನೆಯ ಸೊಂಡಿಲಿನಿಂದ ಹೀರುವುದು. ಹೊಲಸನ್ನು ತುಳಿದ ಕಾಲುಗಳಿಂದಲೇ ಅನ್ನದ ಮೇಲೆ ಕುಳಿತು, ಆಮಶಂಕೆ, ವಿಷಮಶೀತಜ್ವರ ಮೊದಲಾದ ರೋಗಗಳ ಬೀಜವನ್ನು ಅಂಟಿಸುವುದು. ಸೆಟ್ಸೆಗಾದರೋ ರಕ್ತವೇ ಆಹಾರ. ಸೊಳ್ಳೆಗಳಲ್ಲಿ ಹೆಣ್ಣು ಮಾತ್ರ ರಕ್ತವನ್ನು ಹೀರಿದರೆ, ಇಲ್ಲಿ ಗಂಡೂ ಹೀರುವುದು. ಅದರ ಕಡಿತದಿಂದ ಟ್ರಿಪನೊಸೋಮ್ ಎಂಬ ಸೂಕ್ಷ್ಮಜೀವಿಯು ದೇಹವನ್ನು ಸೇರಿ, ಮನುಷ್ಯರಲ್ಲಿ ನಿದ್ರಾರೋಗವನ್ನೂ ದನಗಳಲ್ಲಿ ನಗಾನ ರೋಗವನ್ನೂ ಉಂಟುಮಾಡುವುದು. ನಗಾನಕ್ಕೂ ಈ ನೊಣಕ್ಕೂ ಇರುವ ಸಂಬಂಧವನ್ನು 1895ರ ಸುಮಾರಿನಲ್ಲಿ ಜೂಲು ದೇಶದಲ್ಲಿ ತೋರಿಸಿಕೊಟ್ಟವರು ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯರು.

ಸಂತಾನದ ವಿಷಯದಲ್ಲಿ ಇನ್ನೂ ಹೆಚ್ಚಿನ ಅಂತರವಿದೆ. ಮನೆಯ ನೊಣವು ತಿಪ್ಪೆಯಲ್ಲಿ ಒಂದು ಬಾರಿಗೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲುದು. ಬೆಚ್ಚಗಿನ ಕಾಲದಲ್ಲಿ ಸುಮಾರು 10 ದಿನಗಳೊಳಗೆ ಅವು ಹುಳುಗಳಾಗಿ, ಕೋಶಕಟ್ಟಿ, ರೆಕ್ಕೆ ಬಿಚ್ಚಿ ಹಾರುವುವು. ಸೆಟ್ಸೆ ಮೊಟ್ಟೆಯನ್ನೇ ಇಡುವುದಿಲ್ಲ. ಒಂದೇ ಒಂದು ಮರಿಹುಳುವನ್ನು ಗರ್ಭದಲ್ಲಿಟ್ಟು, ಹಾಲಿನಂಥ ರಸವನ್ನು ಉಣಿಸಿ, ಸುಮಾರು 9 ದಿನಗಳಿಗೊಮ್ಮೆ ಹೆರುವುದು. ಆ ಹುಳುವು ಮಣ್ಣನ್ನು ಹೊಕ್ಕು ಸುಮಾರು ಒಂದು ತಿಂಗಳು ಕೋಶದಲ್ಲಿರುವುದು. ಹೀಗೆ ಒಂದು ತಾಯಿಯ ಆಯುಷ್ಯದಲ್ಲಿ ಹುಟ್ಟುವ ಮರಿಗಳು ಬೆರಳೆಣಿಕೆಯಷ್ಟು.

ಈ ಭೇದವು ಕೇವಲ ಕುತೂಹಲದ ಸಂಗತಿಯೆಂದು ತಿಳಿಯಬಾರದು. ಶತ್ರುವಿನ ಸ್ವಭಾವವನ್ನರಿತೇ ಉಪಾಯವನ್ನು ಹೂಡಬೇಕು. ಸಂತಾನವು ವಿರಳವಾದ ಕಾರಣ, ಸೆಟ್ಸೆಯನ್ನು ನೀಲಿ ಬಟ್ಟೆಯ ಬಲೆಗಳಿಂದ ಹಿಡಿದು ಕೊಂದರೆ ಅದರ ಸಂಖ್ಯೆಯು ಬೇಗನೆ ತಗ್ಗುವುದು. ಜಂಜಿಬಾರಿನ ಉಂಗುಜ ದ್ವೀಪದಲ್ಲಿ ಸಂತಾನಶಕ್ತಿಯನ್ನು ಕಳೆದ ಗಂಡುನೊಣಗಳನ್ನು ಬಿಟ್ಟು, 1997ರ ವೇಳೆಗೆ ಆ ಪಿಡುಗನ್ನು ನಿರ್ಮೂಲ ಮಾಡಿದರು.

ಮನೆಯ ನೊಣಕ್ಕೆ ಈ ನ್ಯಾಯವು ಸಲ್ಲದು. ನಾವು ಹತ್ತನ್ನು ಬಡಿದು ಕೊಂದೆವೆಂದು ತೃಪ್ತಿಪಡುವಷ್ಟರಲ್ಲಿ ತಿಪ್ಪೆಯಲ್ಲಿ ನೂರು ಹುಟ್ಟಿರುವುವು. ಆದುದರಿಂದ ಇಲ್ಲಿ ಕೊಲ್ಲುವುದಕ್ಕಿಂತ ಹುಟ್ಟಗೊಡದಿರುವುದೇ ಮೇಲು. ಗೊಬ್ಬರದ ಗುಂಡಿಯನ್ನು ಮಣ್ಣಿನಿಂದ ಮುಚ್ಚುವುದು, ಕಸವನ್ನು ಕೊಳೆಯಗೊಡದೆ ಸಾಗಿಸುವುದು, ಅನ್ನದ ಪಾತ್ರೆಗೆ ಮುಚ್ಚಳವಿಡುವುದು: ಇವು ಸಾಮಾನ್ಯ ಕೆಲಸಗಳು, ಆದರೆ ಎಳೆಯ ಮಕ್ಕಳ ಪ್ರಾಣವು ಎಷ್ಟೋ ವೇಳೆ ಇವುಗಳನ್ನೇ ಅವಲಂಬಿಸಿರುವುದು.