ನೀಲಿ ಬಾರದ ಜಾಗ

ಪಿಷ್ಟ ಬೆರೆಸಿದ ಅಗರ್ ಹೆಪ್ಪುಗಟ್ಟಿದ ಪೆಟ್ರಿ ತಟ್ಟೆ. ಅದರ ಒಂದು ಬದಿಗೆ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾವನ್ನೂ ಇನ್ನೊಂದು ಬದಿಗೆ ಇ. ಕೋಲಿಯನ್ನೂ ಗೀಟೆಳೆದು ಒಂದೆರಡು ದಿನ ಬೆಚ್ಚಗಿಟ್ಟರೆ, ಎರಡೂ ಕಡೆ ಕಾಣುವುದು ಮಾಸಲು ಬಣ್ಣದ ಬೆಳವಣಿಗೆ ಅಷ್ಟೇ. ಅಯೋಡಿನ್ ದ್ರಾವಣ ಸುರಿಯುತ್ತಿದ್ದಂತೆ ತಟ್ಟೆ ಕಡುನೀಲಿಯಾಗುತ್ತದೆ. ಇ. ಕೋಲಿಯ ಅಂಚಿನವರೆಗೂ ನೀಲಿಯೇ. ಬ್ಯಾಸಿಲಸ್ ಗೀಟಿನ ಸುತ್ತ ಮಾತ್ರ ಬಣ್ಣ ಹಿಡಿಯದ ಪಟ್ಟಿಯೊಂದು ಉಳಿಯುತ್ತದೆ. ಅಲ್ಲಿದ್ದ ಪಿಷ್ಟವನ್ನು ಅಮೈಲೇಸ್ ಕಿಣ್ವ ಒಡೆದುಹಾಕಿದೆ.

ಪಿಷ್ಟಕ್ಕೆ ಅಯೋಡಿನ್ ತಗುಲಿದರೆ ನೀಲಿ ಬರುತ್ತದೆಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞರು 1814ರಲ್ಲೇ ದಾಖಲಿಸಿದ್ದರು. ಪಿಷ್ಟದಲ್ಲಿರುವ ಅಮೈಲೋಸ್, ಗ್ಲೂಕೋಸ್ ಕೊಂಡಿಗಳ ಉದ್ದನೆಯ ಸರಪಳಿ. ಅದು ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಸುರುಳಿಯೊಳಗೆ ಅಯೋಡಿನ್ ಸಾಲಾಗಿ ಕೂತಾಗ ನೀಲಿ ಹುಟ್ಟುತ್ತದೆ. ಕಿಣ್ವ ಸರಪಳಿಯನ್ನು ತುಂಡರಿಸುತ್ತ ಹೋದಂತೆ ನೀಲಿ ನೇರಳೆಯಾಗಿ, ಕೆಂಗಂದಾಗಿ, ಕೊನೆಗೆ ಅಯೋಡಿನ್ನಿನ ಹಳದಿಯಷ್ಟೇ ಉಳಿಯುತ್ತದೆ. ನೀಲಿ ಬೇಗ ಮಾಸುವುದರಿಂದ ಫಲಿತಾಂಶವನ್ನು ತಕ್ಷಣ ನೋಡಿಬಿಡಬೇಕು. ಅಯೋಡಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಹಾಗಾಗಿ ಅದು ಮುಂದೆಯೂ ಬೇಕಿದ್ದರೆ, ಸುರಿಯುವ ಮೊದಲೇ ಒಂದು ಕಡ್ಡಿಯಷ್ಟು ಬೇರೆ ತಟ್ಟೆಗೆ ತೆಗೆದಿಟ್ಟಿರಬೇಕು.

ಆ ಪಟ್ಟಿ ಗೀಟಿನ ಹೊರಗೆ ಏಕಿದೆ? ಪಿಷ್ಟದ ಅಣು ಬ್ಯಾಕ್ಟೀರಿಯಾದ ಒಳಗೆ ಹೋಗಲಾರದಷ್ಟು ದೊಡ್ಡದು. ಆದ್ದರಿಂದ ಬ್ಯಾಸಿಲಸ್ ಕಿಣ್ವವನ್ನು ಹೊರಕ್ಕೆ ಸ್ರವಿಸಿ, ಒಡೆದ ಸಕ್ಕರೆಯನ್ನು ಒಳಕ್ಕೆಳೆದುಕೊಳ್ಳುತ್ತದೆ. ಅದಕ್ಕೆ ಊಟ ಒಳಗೆ, ಜೀರ್ಣಕ್ರಿಯೆ ಹೊರಗೆ.

ಬೀಜದಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ ಎನ್ನುವುದು ಈ ಪರೀಕ್ಷೆಯ ಸೊಗಸು. ಬಾರ್ಲಿ ಕಾಳಿನ ಹಿಟ್ಟಿನ ಭಾಗ ಸತ್ತ ಕೋಶಗಳ ಉಗ್ರಾಣ. ಅದನ್ನು ಸುತ್ತುವರಿದ ಅಲ್ಯುರಾನ್ ಎಂಬ ತೆಳು ಪದರಕ್ಕೆ ಮಾತ್ರ ಜೀವವಿದೆ. ನೆನೆದ ಕಾಳಿನ ಭ್ರೂಣ ಗಿಬ್ಬರೆಲಿನ್ ಎಂಬ ಹಾರ್ಮೋನು ಕಳಿಸಿದಾಗ ಆ ಪದರ ಅಮೈಲೇಸ್ ತಯಾರಿಸಿ ಹಿಟ್ಟಿನೊಳಕ್ಕೆ ಬಿಡುತ್ತದೆ. ಭ್ರೂಣವಿಲ್ಲದ ಅರ್ಧ ಕಾಳನ್ನು ಪಿಷ್ಟದ ಅಗರ್ ಮೇಲೆ ಬೋರಲಿಟ್ಟು, ಎರಡು ದಿನ ಬಿಟ್ಟು ಅಯೋಡಿನ್ ಹಾಕಿದರೆ ಕಾಳಿನ ಸುತ್ತ ತಿಳಿ ವಲಯ ಮೂಡುವುದಿಲ್ಲ, ಮೂಡಿದರೂ ಕಿರಿದು. ಅಗರ್‌ಗೆ ಒಂದಿಷ್ಟು ಗಿಬ್ಬರೆಲಿನ್ ಸೇರಿಸಿಟ್ಟರೆ ಅಗಲವಾದ ವಲಯವೇ ಬರುತ್ತದೆ. ಬೇಯಿಸಿದ ಕಾಳು ಹಾರ್ಮೋನು ಕೊಟ್ಟರೂ ಸುಮ್ಮನಿರುತ್ತದೆ. ಭ್ರೂಣ, ಪದರ, ಉಗ್ರಾಣ ಮೂರರ ಸಂಬಂಧ ಬ್ಲೇಡು, ಅಗರ್ ಮತ್ತು ಅಯೋಡಿನ್‌ಗೆ ಸಿಕ್ಕಿಬಿಡುತ್ತದೆ. ಶಾಲೆಯ ಪ್ರಯೋಗಾಲಯಗಳಲ್ಲಿ ಇದನ್ನು ಇನ್ನೂ ಹೆಚ್ಚಾಗಿ ಮಾಡಿಸಬೇಕು.

ಕೊಯ್ಲಿನ ಹೊತ್ತಿಗೆ ಮಳೆ ಬಂದು ಗೋಧಿ ತೆನೆಯಲ್ಲೇ ಮೊಳೆತರೆ ಇದೇ ಕಿಣ್ವ ನಷ್ಟ ತರುತ್ತದೆ: ಆ ಹಿಟ್ಟಿನ ಬ್ರೆಡ್ಡಿನ ಒಳಭಾಗ ಅಂಟಂಟಾಗುತ್ತದೆ. ರಾಗಿಯಲ್ಲಿ ಅದು ವರ. ಸಿರಿಧಾನ್ಯಗಳ ಪೈಕಿ ಮೊಳಕೆ ರಾಗಿಯಲ್ಲಿ ಅಮೈಲೇಸ್ ಧಾರಾಳ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಇದನ್ನೇ ಹಿಡಿದು ಶಿಶು ಆಹಾರದ ಮೇಲೆ ಕೆಲಸ ಮಾಡಿದ್ದಾರೆ. ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಬಿಸಿ ಮಾಡಿ ಬೀಸಿದ ಹಿಟ್ಟನ್ನು ಒಂದು ಚಮಚ, ಕುದಿ ಇಳಿದ ಗಟ್ಟಿ ಗಂಜಿಗೆ ಕಲಸಿದರೆ ಗಂಜಿ ನೀರು ಸೇರಿಸದೆಯೇ ತೆಳ್ಳಗಾಗುತ್ತದೆ. ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ.