ಜೇಬಿನಲ್ಲಿ ಉಳ್ಳಾಗಡ್ಡಿ ಇದ್ದರೆ ಮಕ್ಕಳಿಗೆ ಬಿಸಿಲು ಬಡಿಯುವುದಿಲ್ಲವೇ?

“ಮಕ್ಕಳ ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಹಾಕಿ ಕಳಿಸಿ, ಬಿಸಿಲು ಬಡಿಯುವುದಿಲ್ಲ.” ಬೇಸಿಗೆ ಬಂತೆಂದರೆ ವಾಟ್ಸಾಪ್‌ನಲ್ಲಿ ಈ ಸಂದೇಶ ಹರಿದಾಡುತ್ತದೆ. ಮಾನ್ವಿ ಕಡೆಯ ಕುರ್ಡಿಯಂಥ ಊರುಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಹೊಲ, ಜಾತ್ರೆ ಎಂದು ಮಕ್ಕಳನ್ನು ಕರೆದೊಯ್ಯುವವರು ಇದನ್ನು ನಂಬಬಹುದೇ?

ನಂಬಬೇಡಿ. ಬೆವರು ಆರುವಾಗ ಮೈ ತಣ್ಣಗಾಗುತ್ತದೆ. ಜೇಬಿನ ಉಳ್ಳಾಗಡ್ಡಿ ಆ ಕೆಲಸ ಮಾಡದು. ಮಕ್ಕಳು ದೊಡ್ಡವರಿಗಿಂತ ಕಡಿಮೆ ಬೆವರುತ್ತಾರೆ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ಹೆಚ್ಚು, ಹಾಗಾಗಿ ಸುಡುಗಾಳಿಯ ಶಾಖ ಬೇಗ ಮೈಗೇರುತ್ತದೆ. ಆಟದ ಗುಂಗಿನಲ್ಲಿ ನೀರು ಕೇಳುವುದನ್ನೂ ಮರೆಯುತ್ತಾರೆ.

ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ ತಿನ್ನಲಿ, ತೊಂದರೆಯಿಲ್ಲ. ಆದರೆ ಕಾಪಾಡುವುದು ನೆರಳು ಮತ್ತು ನೀರು. ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಬಿಡಬೇಡಿ. ಹತ್ತಿ ಬಟ್ಟೆ, ಟೋಪಿ ಹಾಕಿ. ಕೇಳುವ ಮುಂಚೆಯೇ ನೀರು, ಮಜ್ಜಿಗೆ ಕೊಡಿ.

ಮೈ ಕೆಂಡದಂತೆ ಸುಡುತ್ತಿದ್ದು, ಮಗು ತಡವರಿಸಿದರೆ ಅಥವಾ ಎಚ್ಚರ ತಪ್ಪಿದರೆ 108ಕ್ಕೆ ಕರೆ ಮಾಡಿ. ಅಲ್ಲಿಯವರೆಗೆ ನೆರಳಲ್ಲಿ ಮಲಗಿಸಿ, ಮೈಗೆ ನೀರು ಹಾಕಿ, ಗಾಳಿ ಬೀಸಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನೂ ಹಾಕಬೇಡಿ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಬೇಸಿಗೆಯಲ್ಲಿ ನೆರಳು ಕೊಟ್ಟ ಬೇವಿನಮರದ ಕೆಳಗೆ ಗುಡುಗು ಕೇಳಿದ ಮೇಲೆ ನಿಲ್ಲಬೇಡಿ. ಸಿಡಿಲು ಎತ್ತರದ ಮರಕ್ಕೇ ಹೆಚ್ಚಾಗಿ ಹೊಡೆಯುತ್ತದೆ. ಗಟ್ಟಿ ಕಟ್ಟಡದೊಳಗೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಉಳ್ಳಾಗಡ್ಡಿ ಜೇಬಲ್ಲಿದೆ ಎಂದು ಮಗುವನ್ನು ಬಿಸಿಲಿಗೆ ಬಿಡುವುದೇ ಈ ಸಂದೇಶದ ನಿಜವಾದ ಅಪಾಯ. ಮುಂದೆ ಕಳಿಸುವುದಿದ್ದರೆ 108ರ ಮಾತನ್ನು ಕಳಿಸಿ.